ಹಾಳೂರಿನ ಗೌಡರು, ರಿವಾಲ್ವರ್ ವಿಭಾಗ

ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಎಂಬ ಆಟದಲ್ಲಿ ಯಾರೂ ಅಳೆಯದೆ ಬಿಟ್ಟ ವಸ್ತು ಒಂದೇ ಒಂದು. ಅದು ಗೆದ್ದವರ ವಿಸಿಟಿಂಗ್ ಕಾರ್ಡು.

ಮಿಕ್ಕಿದ್ದಕ್ಕೆಲ್ಲ ಅಳತೆ ಉಂಟು. ಗುಂಡಿನ ಸದ್ದು ಕೇಳಿಸಿಕೊಂಡು ಸೆಕೆಂಡಿನ ನೂರನೇ ಒಂದು ಭಾಗದ ತನಕ ಲೆಕ್ಕ ಹಿಡಿಯುವ ಟೈಮರ್ ಇದೆ. ಸ್ಟ್ಯಾಂಡರ್ಡ್ ವಿಭಾಗದ ಪಿಸ್ತೂಲನ್ನು 225 ಮಿ.ಮೀ. ಉದ್ದ, 150 ಮಿ.ಮೀ. ಎತ್ತರ, 45 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಕೂರಿಸಿ ನೋಡುತ್ತಾರೆ; ಮೂತಿ ಹೊರಗೆ ಬಂತೋ, ಆ ವಿಭಾಗಕ್ಕೊಂದು ನಮಸ್ಕಾರ. ಅಮೆರಿಕದ ಲಿಮಿಟೆಡ್ ವಿಭಾಗದಲ್ಲಿ ಮ್ಯಾಗಜಿನ್ನಿನ ಉದ್ದ 141.25 ಮಿ.ಮೀ. ಮೀರುವ ಹಾಗಿಲ್ಲ. ಆ ಕೊನೆಯ ಕಾಲು ಮಿಲಿಮೀಟರನ್ನೂ ಬಿಡದೆ ಬರೆದಿಟ್ಟ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ರಟ್ಟಿನ ಗುರಿಯ ಮೇಲಿನ ತೂತು ಗೆರೆಗೆ ತಾಗಿದೆಯೋ ಇಲ್ಲವೋ ಎಂದು ತಕರಾರು ಬಂದರೆ, ರೇಂಜ್ ಆಫೀಸರ್ ಜೇಬಿನಿಂದ ಪಾರದರ್ಶಕ ಪ್ಲಾಸ್ಟಿಕ್ ತುಂಡೊಂದನ್ನು ತೆಗೆದು, ತೂತಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಮೂಗು ರಟ್ಟಿಗೆ ತಾಗುವಷ್ಟು ಹತ್ತಿರ ಬಗ್ಗಿ ಇಣುಕುತ್ತಾನೆ. ಕೂದಲೆಳೆಯಷ್ಟು ತಾಗಿದ್ದರೆ ಹೆಚ್ಚಿನ ಅಂಕ, ಇಲ್ಲವಾದರೆ ಇಲ್ಲ.

ಇಷ್ಟೆಲ್ಲ ಇಣುಕಿಸಿಕೊಂಡು ಬಂದ ಮನುಷ್ಯ ಮನೆಗೆ ಹೋಗಿ ‘ಚಾಂಪಿಯನ್ ಶೂಟರ್’ ಎಂದು ಕಾರ್ಡು ಅಚ್ಚು ಹಾಕಿಸುತ್ತಾನೆ. ಮರುವಾರದಿಂದ ಶನಿವಾರ ಭಾನುವಾರ ಕ್ಲಾಸು. ಆ ಕಾರ್ಡಿನ ಮೇಲೆ ಪ್ಲಾಸ್ಟಿಕ್ ತುಂಡಿಟ್ಟು ನೋಡುವವರು ಯಾರೂ ಇಲ್ಲ.

ಒಲಿಂಪಿಕ್ಸಿನ ಶೂಟಿಂಗನ್ನಷ್ಟೇ ಟಿ.ವಿ.ಯಲ್ಲಿ ನೋಡಿದವರಿಗೆ ಈ ಆಟ ಬರೀ ಗಲಾಟೆ ಅನ್ನಿಸೀತು. ಅಲ್ಲಿ ನಿಂತಲ್ಲೇ ನಿಂತು, ಉಸಿರು ಹಿಡಿದು, ಕಪ್ಪು ಚುಕ್ಕೆಗೆ ಗುರಿ. ಇಲ್ಲಿ ಬೀಪ್ ಆದದ್ದೇ ಸೊಂಟದಿಂದ ಪಿಸ್ತೂಲ್ ಎಳೆದು, ಓಡುತ್ತ, ಗೋಡೆಯ ಮರೆಯಿಂದ ವಾಲಿ, ಕಿಟಕಿಯಲ್ಲಿ ತೂರಿಸಿ, ನಡುವೆ ಮ್ಯಾಗಜಿನ್ ಬದಲಿಸಿ ರಟ್ಟು, ಉಕ್ಕಿನ ತಟ್ಟೆ ಎಲ್ಲಕ್ಕೂ ಹೊಡೆಯಬೇಕು. 1976ರ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಕೂತು ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಹೆಸರು ಐಪಿಎಸ್‌ಸಿ, ಮೊದಲ ಅಧ್ಯಕ್ಷ ಜೆಫ್ ಕೂಪರ್. ಅದರ ಅಮೆರಿಕದ ಅಂಗ ಯುಎಸ್‌ಪಿಎಸ್‌ಎ 1984ರಲ್ಲಿ ಹುಟ್ಟಿತು. ಧ್ಯೇಯವಾಕ್ಯ ಲ್ಯಾಟಿನ್ನಿನಲ್ಲಿದೆ: ನಿಖರತೆ, ಬಲ, ವೇಗ. ಸತ್ಯ ಎಂಬ ನಾಲ್ಕನೆಯದನ್ನೂ ಸೇರಿಸಬೇಕು ಎಂದು ಆಗ ಯಾರಿಗೂ ಹೊಳೆದಿರಲಾರದು.

ಅಂಕದ ಲೆಕ್ಕ ಹೀಗೆ. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡಿನಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. 32 ಗುಂಡಿನ ಒಂದು ಸ್ಟೇಜಿಗೆ, ಅಂದರೆ ಒಂದು ಸುತ್ತಿನ ಆಟಕ್ಕೆ, ಒಟ್ಟು 160 ಅಂಕ. ಒಬ್ಬ 15 ಸೆಕೆಂಡಿನಲ್ಲಿ 150 ಅಂಕ ಮಾಡಿದ ಅನ್ನಿ, ಅವನದು 10. ಇನ್ನೊಬ್ಬ 20 ಸೆಕೆಂಡಿನಲ್ಲಿ 140 ಮಾಡಿದ, ಅವನದು 7. ಆ ವಿಭಾಗದಲ್ಲಿ ಮೊದಲನೆಯವನೇ ಎಲ್ಲರಿಗಿಂತ ಮುಂದಿದ್ದರೆ ಅವನಿಗೆ ಪೂರ್ತಿ 160, ಎರಡನೆಯವನಿಗೆ ಅದರ ನೂರಕ್ಕೆ ಎಪ್ಪತ್ತು, ಅಂದರೆ 112. ಹೀಗೆ ಎಲ್ಲ ಸ್ಟೇಜುಗಳನ್ನು ಕೂಡಿಸಿ ಕೊನೆಗೆ ಪ್ರತಿಯೊಬ್ಬನ ಹೆಸರಿನ ಮುಂದೆ ಒಂದು ಅಂಕಿ ನಿಲ್ಲುತ್ತದೆ: ಗೆದ್ದವನ ನೂರಕ್ಕೆ ನೀನೆಷ್ಟು? ಚಾಂಪಿಯನ್ ಸಾಹೇಬರಿಗೆ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು ಈ ಅಂಕಿಯೇ.

ಸಾಹೇಬರು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳುವುದಕ್ಕೆ ಎದೆ ಬೇಕು, ನೆನಪಿನ ಶಕ್ತಿ ಬೇಕು, ನಿನ್ನೆ ಏನು ಹೇಳಿದ್ದೆ ಎಂದು ಬರೆದಿಟ್ಟುಕೊಳ್ಳಲು ಒಂದು ಡೈರಿ ಬೇಕು. ಇವರದು ಅಷ್ಟು ಕಷ್ಟದ ಕಸುಬಲ್ಲ. ಇವರು ನಿಜದಿಂದ ಒಂದೊಂದೇ ಪದವನ್ನು ಕಳೆಯುತ್ತ ಹೋಗುತ್ತಾರೆ, ಅಷ್ಟೇ.

ಅಮೆರಿಕದ ಒಂದು ದೊಡ್ಡ ಮ್ಯಾಚನ್ನೇ ತೆಗೆದುಕೊಳ್ಳಿ. ಓಪನ್, ಲಿಮಿಟೆಡ್, ಪ್ರೊಡಕ್ಷನ್, ಸಿಂಗಲ್ ಸ್ಟ್ಯಾಕ್, ಕ್ಯಾರಿ ಆಪ್ಟಿಕ್ಸ್, ರಿವಾಲ್ವರ್ ಎಂದು ಪಿಸ್ತೂಲಿನ ಜಾತಿಗೊಂದು ವಿಭಾಗ. ಒಂದೊಂದು ವಿಭಾಗದ ಒಳಗೂ ಗ್ರ್ಯಾಂಡ್ ಮಾಸ್ಟರ್, ಮಾಸ್ಟರ್, ಎ, ಬಿ, ಸಿ, ಡಿ ಎಂದು ಆರು ದರ್ಜೆ. ವಿಭಾಗ ಎಂಟೇ ಅಂದುಕೊಂಡರೂ ಆಗಲೇ 48 ‘ಪ್ರಥಮ’ಗಳಾದವು. ಇದರ ಮೇಲೆ ಮಹಿಳೆಯರು, ಜೂನಿಯರ್, ಐವತ್ತೈದು ದಾಟಿದ ಸೀನಿಯರ್, ಅರವತ್ತೈದು ದಾಟಿದ ಸೂಪರ್ ಸೀನಿಯರ್, ಪೊಲೀಸರು, ಮಿಲಿಟರಿಯವರು. ಬಹುಮಾನ ವಿತರಣೆಯ ಹೊತ್ತಿಗೆ ಚಪ್ಪಾಳೆ ತಟ್ಟಲು ಬರಿಗೈಯಲ್ಲಿರುವವರೇ ಸಿಗುವುದು ಕಷ್ಟ.

ದರ್ಜೆಗಳನ್ನು ಮಾಡಿದ್ದರಲ್ಲಿ ತಪ್ಪಿಲ್ಲ. ವಾರವೆಲ್ಲ ಆಫೀಸಿನಲ್ಲಿ ದುಡಿದು ಭಾನುವಾರ ಮಾತ್ರ ಬರುವವನು ತನ್ನಂಥವರೊಡನೆ ಸೆಣಸಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಸಿ ದರ್ಜೆಯಲ್ಲಿ ಮೊದಲು ಬರುವುದೂ ಬೆವರಿನ ಕೆಲಸವೇ. ಕಷ್ಟ ಇರುವುದು ಆ ಫಲಕ ಮನೆಗೆ ಬಂದ ಮೇಲೆ. ಮರದ ಹಲಗೆಗೆ ಹಿತ್ತಾಳೆಯ ತಗಡು, ತಗಡಿನ ಮೇಲೆ ನಾಲ್ಕು ಸಾಲು: ಮ್ಯಾಚಿನ ಹೆಸರು, ವರ್ಷ, ‘ಕ್ಯಾರಿ ಆಪ್ಟಿಕ್ಸ್ – ಸಿ ದರ್ಜೆ’, ಕೆಳಗೆ ದಪ್ಪಕ್ಷರದಲ್ಲಿ ‘ಪ್ರಥಮ’. ಈಗ ಫೋಟೊ ನೋಡಿ. ಸಾಹೇಬರು ಫಲಕವನ್ನು ಎದೆಗೆ ಅವಚಿಕೊಂಡು ನಕ್ಕಿದ್ದಾರೆ. ಎಡಗೈ ಹಲಗೆಯ ಅಡಿಗಿದೆ, ಬಲಗೈ ಪಕ್ಕಕ್ಕಿದೆ, ಬಲಗೈಯ ಹೆಬ್ಬೆರಳು ಮಾತ್ರ ಸರಿಯಾಗಿ ಮೂರನೇ ಸಾಲಿನ ಮೇಲಿದೆ. 25 ಗಜ ದೂರದ ಗುರಿಗೆ ಅಷ್ಟು ನಿಖರವಾಗಿ ಹೊಡೆದಿದ್ದರೆ ಬೆರಳಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಮೊದಲ ವರ್ಷ ಪರಿಚಯಪತ್ರದಲ್ಲಿ ‘ಏರಿಯಾ ಮ್ಯಾಚಿನ ಸಿ ದರ್ಜೆ ವಿಜೇತರು’ ಎಂದಿರುತ್ತದೆ. ಮರುವರ್ಷ ದರ್ಜೆ ಉದುರಿ ‘ಏರಿಯಾ ವಿಜೇತರು’. ಮೂರನೇ ವರ್ಷ ಏರಿಯಾವೂ ಉದುರಿ ಬರೀ ‘ಚಾಂಪಿಯನ್’. ಉಳಿದ ಪದವಾದರೂ ಸುಳ್ಳೇ ಎಂದು ಕೋರ್ಟಿಗೆ ಹೋದರೆ ನೀವೇ ಸೋಲುತ್ತೀರಿ.

ಇವರೆಲ್ಲರಿಗಿಂತ ನನಗೆ ಪ್ರೀತಿ ರಿವಾಲ್ವರ್ ವಿಭಾಗದ ಒಂಟಿ ಸಲಗಗಳ ಮೇಲೆ. ಕ್ಲಬ್ಬಿನ ತಿಂಗಳ ಮ್ಯಾಚಿಗೆ ಬಂದವರೆಲ್ಲ ಕೆಂಪು ಚುಕ್ಕೆಯ ಆಪ್ಟಿಕ್ ಕೂರಿಸಿದ ಹೊಸ ಪಿಸ್ತೂಲಿನವರು. ಇವರೊಬ್ಬರು ಮಾತ್ರ ತಾತನ ಕಾಲದ ರಿವಾಲ್ವರನ್ನು ತಂದಿದ್ದಾರೆ. ಸ್ಟೇಜಿನ ನಡುವೆ ಎರಡು ಗುರಿಗೊಮ್ಮೆ ನಿಂತು ಗುಂಡು ತುಂಬುತ್ತಾರೆ, ಒಂದು ಉಕ್ಕಿನ ತಟ್ಟೆ ಬೀಳದೆ ಹಾಗೇ ನಿಂತಿದೆ, ಟೈಮರ್ ಹಿಡಿದವನಿಗೆ ಆಕಳಿಕೆ. ಸಂಜೆ ಫಲಿತಾಂಶದ ಪಟ್ಟಿ ಬರುತ್ತದೆ: ರಿವಾಲ್ವರ್ ವಿಭಾಗ, ಸ್ಥಾನ 1, ಶೇಕಡಾ 100.00. ಲೆಕ್ಕ ಎಲ್ಲೂ ತಪ್ಪಿಲ್ಲ. ವಿಭಾಗದಲ್ಲಿ ಮುಂದಿರುವವನಿಗೆ ನೂರಕ್ಕೆ ನೂರು. ಇರುವವನೇ ಒಬ್ಬನಾದರೆ ಮುಂದಿರುವವನೂ ಅವನೇ, ಹಿಂದಿರುವವನೂ ಅವನೇ. ಹಾಳೂರಿಗೆ ಉಳಿದವನೇ ಗೌಡ. ಇದರ ಅರಿವು ಒಕ್ಕೂಟಕ್ಕೂ ಉಂಟು. ದೊಡ್ಡ ಮ್ಯಾಚುಗಳಲ್ಲಿ ಒಂದು ವಿಭಾಗಕ್ಕೆ ಮಾನ್ಯತೆ ಸಿಗಬೇಕಾದರೆ ಇಂತಿಷ್ಟು ಸ್ಪರ್ಧಿಗಳು ಇರಲೇಬೇಕು ಎಂಬ ನಿಯಮ ಅದಕ್ಕೇ ಬಂದದ್ದು. ಕ್ಲಬ್ ಮಟ್ಟದಲ್ಲಿ ಅಷ್ಟು ಬಿಗಿ ಇಲ್ಲ. ಹಾಗಾಗಿ ನಮ್ಮ ಗೌಡರು ವರ್ಷದ ಅಷ್ಟೂ ಮ್ಯಾಚು ಗೆದ್ದು ‘ಅಜೇಯ’ರಾಗುತ್ತಾರೆ.

ಇನ್ನು ಗ್ರ್ಯಾಂಡ್ ಮಾಸ್ಟರ್. ಕನ್ನಡದ ಓದುಗರು ಚದುರಂಗದ ಪಟ್ಟವನ್ನು ನೆನೆದು ಎದ್ದು ನಿಲ್ಲುವುದು ಬೇಡ, ಕೂತಿರಿ. ಇಲ್ಲಿ ‘ಕ್ಲಾಸಿಫೈಯರ್’ ಎಂಬ ಗೊತ್ತುಪಡಿಸಿದ ಸ್ಟೇಜುಗಳಿವೆ. ಅವುಗಳಲ್ಲಿ ಶೇ. 95 ದಾಟಿದರೆ ಗ್ರ್ಯಾಂಡ್ ಮಾಸ್ಟರ್, 85ಕ್ಕೆ ಮಾಸ್ಟರ್, 75ಕ್ಕೆ ಎ, 60ಕ್ಕೆ ಬಿ, 40ಕ್ಕೆ ಸಿ, ಅದಕ್ಕೂ ಕೆಳಗಿದ್ದರೆ ಡಿ. ಈ ಸ್ಟೇಜುಗಳ ನಕ್ಷೆ ಗುಟ್ಟಿನದೇನಲ್ಲ. ಪ್ರಶ್ನೆಪತ್ರಿಕೆ ಮೊದಲೇ ಕೈಯಲ್ಲಿರುವ ಪರೀಕ್ಷೆ. ಹಿತ್ತಲಲ್ಲಿ ಅದೇ ಅಳತೆಗೆ ರಟ್ಟು ನಿಲ್ಲಿಸಿ, ತಿಂಗಳುಗಟ್ಟಲೆ ಅದನ್ನೇ ಹೊಡೆದು ಹೊಡೆದು, ಮ್ಯಾಚಿನ ದಿನ ಕಣ್ಣುಮುಚ್ಚಿ ಒಪ್ಪಿಸುವ ವೀರರಿದ್ದಾರೆ. ದೊಡ್ಡ ಮ್ಯಾಚಿನಲ್ಲಿ, ಹಿಂದೆಂದೂ ಕಾಣದ ಸ್ಟೇಜಿನಲ್ಲಿ, ಅದೇ ವೀರರು ಗೆದ್ದವನ ಶೇ. 70ರ ಹತ್ತಿರ ತಡವರಿಸುತ್ತಾರೆ. ಅಲ್ಲಿನವರು ಇವರನ್ನು ‘ಪೇಪರ್ ಜಿ.ಎಂ.’ ಎಂದು ಕರೆಯುತ್ತಾರೆ. ಹತ್ತಿದ ದರ್ಜೆಯಿಂದ ತಾನಾಗಿ ಇಳಿಯುವುದು ಅಪರೂಪ, ಆದ್ದರಿಂದ ಪಟ್ಟ ಹೆಚ್ಚುಕಡಿಮೆ ಆಜೀವ.

ಇದರ ಉಲ್ಟಾ ತಳಿಯೂ ಇದೆ. ಕೈಯಲ್ಲಿ ಎ ದರ್ಜೆಯ ಕಸುಬಿದ್ದರೂ ಕ್ಲಾಸಿಫೈಯರಿನಲ್ಲಿ ಬೇಕಂತಲೇ ಎಡವಿ ಸಿಯಲ್ಲೇ ಉಳಿದು, ದೊಡ್ಡ ಮ್ಯಾಚಿನಲ್ಲಿ ಸಿಯ ಬಹುಮಾನ ಹೊಡೆಯುವವರು. ಹೆಣ್ಣು ನೋಡಲು ಹೋದಾಗ ಸಂಬಳಕ್ಕೆ ಒಂದು ಸೊನ್ನೆ ಸೇರಿಸಿ, ಬಿಪಿಎಲ್ ಕಾರ್ಡಿನ ಅರ್ಜಿಯಲ್ಲಿ ಎರಡು ಸೊನ್ನೆ ಅಳಿಸುವ ನಮ್ಮವರಿಗೆ ಈ ಎರಡೂ ತಳಿಗಳ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬನೇ ಮನುಷ್ಯ ಎರಡನ್ನೂ ಮಾಡಬಲ್ಲ ಎಂಬುದೂ ನಮಗೆ ಗೊತ್ತು.

‘ವಿಶ್ವ’ದ ಕಥೆ ಬೇರೆ. ಐಪಿಎಸ್‌ಸಿಯಲ್ಲಿ ಮ್ಯಾಚುಗಳಿಗೆ ಒಂದರಿಂದ ಐದರವರೆಗೆ ಮಟ್ಟಗಳಿವೆ. ಒಂದನೆಯದು ಕ್ಲಬ್ಬಿನದು, ಐದನೆಯದು ವರ್ಲ್ಡ್ ಶೂಟ್. ಮೊದಲ ವಿಶ್ವ ಸ್ಪರ್ಧೆ ನಡೆದದ್ದು ಒಕ್ಕೂಟ ಹುಟ್ಟುವುದಕ್ಕೂ ಮುಂಚೆ, 1975ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಗೆದ್ದವರು ರೇ ಚಾಪ್‌ಮನ್. 1983ರಲ್ಲಿ ವರ್ಜೀನಿಯಾದಲ್ಲೂ 1986ರಲ್ಲಿ ಫ್ಲಾರಿಡಾದಲ್ಲೂ ರಾಬ್ ಲೇಥಮ್. 1999ರಲ್ಲಿ ಫಿಲಿಪ್ಪೀನ್ಸಿನ ಸೆಬುವಿನಲ್ಲಿ ಫ್ರಾನ್ಸಿನ ಎರಿಕ್ ಗ್ರಾಫೆಲ್, ಓಪನ್ ವಿಭಾಗ. ಆಮೇಲೆಯೂ ಹಲವು ಸಲ. ನಿಜವಾದ ಚಾಂಪಿಯನ್ನರ ಮಾತಿಗೆ ಊರು, ಇಸವಿ, ವಿಭಾಗ ಮೂರೂ ಅಂಟಿಕೊಂಡೇ ಬರುತ್ತವೆ. ಅವನ್ನು ಕಳಚಿಡುವ ಅಗತ್ಯ ಅವರಿಗಿಲ್ಲ.

ಅಗತ್ಯ ಇರುವವರ ಬಳಿ ಬೇರೆ ಮಾತಿದೆ: ‘ವಿಶ್ವ ಶ್ರೇಯಾಂಕಿತ ಶೂಟರ್’. ವರ್ಲ್ಡ್ ಶೂಟಿನ ಫಲಿತಾಂಶದ ಪಟ್ಟಿಯಲ್ಲಿ ಎಲ್ಲರಿಗೂ ಒಂದು ಸಂಖ್ಯೆ ಇರುತ್ತದೆ, ಕಟ್ಟಕಡೆಯವನಿಗೂ. ಮುನ್ನೂರ ಹದಿನೇಳನೆಯವನೂ ಶ್ರೇಯಾಂಕಿತನೇ. ಇನ್ನು ಕೆಲವರು ‘ನ್ಯಾಷನಲ್ಸ್‌ನಲ್ಲಿ ಗೆದ್ದವರು’. ಬಿಡಿಸಿ ಕೇಳಿದರೆ ಗೆದ್ದದ್ದು ಒಂದು ಸ್ಟೇಜು, ಅದೂ ತಮ್ಮ ದರ್ಜೆಯಲ್ಲಿ. ಅಮೆರಿಕದವರ ‘ವರ್ಲ್ಡ್’ ಮೊದಲಿನಿಂದಲೂ ಕೈಗೆಟುಕುವ ಗಾತ್ರದ್ದು. ಬೇಸ್‌ಬಾಲಿನ ವರ್ಲ್ಡ್ ಸೀರೀಸಿಗೆ ಅಮೆರಿಕ, ಕೆನಡಾ ಎಂಬ ಎರಡು ದೇಶಗಳ ಆಚೆಯ ತಂಡವೇ ಬರುವುದಿಲ್ಲ.

ಇಷ್ಟಕ್ಕೂ ಇದನ್ನು ಪತ್ತೆ ಹಚ್ಚುವುದು ಕಷ್ಟವೇ? ಖಂಡಿತ ಇಲ್ಲ, ತಮಾಷೆ ಇರುವುದು ಅಲ್ಲೇ. ಈಗ ಅಂಕಗಳೆಲ್ಲ ಪ್ರಾಕ್ಟಿಸ್ಕೋರ್ ಎಂಬ ತಂತ್ರಾಂಶದಲ್ಲಿ, ಟ್ಯಾಬ್ಲೆಟ್ಟಿನಲ್ಲಿ, ಸ್ಟೇಜಿನ ಬಾಯಲ್ಲೇ ದಾಖಲಾಗುತ್ತವೆ. ಮ್ಯಾಚು ಮುಗಿದ ಸಂಜೆಯೇ ಯಾರು ಎಷ್ಟು ಸೆಕೆಂಡು, ಎಷ್ಟು ತೂತು, ಎಷ್ಟು ತಪ್ಪು ಎಂಬುದು ಫೋನಿಗೆ ಬರುತ್ತದೆ. ಯಾವ ಮ್ಯಾಚು, ಯಾವ ವರ್ಷ, ಯಾವ ವಿಭಾಗ, ಎಷ್ಟು ಜನ ಇದ್ದರು, ಗೆದ್ದವನ ನೂರಕ್ಕೆ ನೀವೆಷ್ಟು ಎಂದು ಕೇಳಿದರೆ ಟೀ ತಣ್ಣಗಾಗುವಷ್ಟರಲ್ಲಿ ಸತ್ಯ ಟೇಬಲ್ಲಿನ ಮೇಲಿರುತ್ತದೆ. ಸಾಹೇಬರೂ ಇದಕ್ಕೆ ಸಿದ್ಧರಾಗಿಯೇ ಬಂದಿರುತ್ತಾರೆ. ಆ ಕಾಲದಲ್ಲಿ ಎಲ್ಲ ಕಾಗದದಲ್ಲಿತ್ತು, ನೀರು ನುಗ್ಗಿ ಹೋಯಿತು ಎನ್ನುತ್ತಾರೆ. ಅದು ಆಹ್ವಾನಿತರಿಗೆ ಮಾತ್ರ ನಡೆದ ಮ್ಯಾಚು, ಪ್ರಕಟಿಸುವ ಹಾಗಿರಲಿಲ್ಲ ಎನ್ನುತ್ತಾರೆ. ಕೊನೆಯ ಬಾಣವಾಗಿ ದನಿ ತಗ್ಗಿಸಿ, ಆಗ ನಾನಿದ್ದ ಪಡೆಯ ಬಗ್ಗೆ ಮಾತಾಡುವುದಕ್ಕೆ ನನಗೆ ಅನುಮತಿ ಇಲ್ಲ, ಎನ್ನುತ್ತಾರೆ. ಮಾತಾಡಲು ಅನುಮತಿ ಇಲ್ಲದ ವಿಷಯ ಕಾರ್ಡಿನ ಮೇಲೆ ಅಚ್ಚಾಗಲು ಹೇಗೆ ಅನುಮತಿ ಸಿಕ್ಕಿತು ಎಂದು ಕೇಳುವಷ್ಟು ಒರಟರು ಕ್ಲಾಸಿಗೆ ಬರುವುದಿಲ್ಲ.

ಯಾಕೆ ಕೇಳುವುದಿಲ್ಲ ಎಂದರೆ, ಶುಲ್ಕ ಕಟ್ಟಿಯಾಗಿದೆ. ಗುರುಗಳು ಸಿ ದರ್ಜೆಯವರು ಎಂದು ತಿಳಿದರೆ ನಷ್ಟ ಗುರುಗಳಿಗಿಂತ ಶಿಷ್ಯನಿಗೇ ಹೆಚ್ಚು. ಎರಡು ದಿನದ ಕ್ಲಾಸು ಮುಗಿಸಿ ‘ಚಾಂಪಿಯನ್ನರ ಕೈಕೆಳಗೆ ಕಲಿತವನು’ ಎಂದು ಹೇಳಿಕೊಳ್ಳುವ ಆಸೆ ಅವನಿಗೂ ಇದೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಮೊದಲ ಪಿಸ್ತೂಲ್ ಕೊಂಡ ನಮ್ಮ ಕನ್ನಡದ ಹುಡುಗನೂ ಆ ಸಾಲಿನಲ್ಲಿ ಇದ್ದಾನು. ಊರಲ್ಲಿ ಅವನೇ ಟ್ಯೂಷನ್ನಿಗೆ ಸೇರುವ ಮುಂಚೆ ಮೇಷ್ಟರ ಎಂ.ಎಸ್ಸಿ. ಯಾವ ಯೂನಿವರ್ಸಿಟಿಯದು ಎಂದು ಅಕ್ಕಪಕ್ಕದವರ ಬಳಿ ವಿಚಾರಿಸಿದ್ದ. ತುಂಬಿದ ಪಿಸ್ತೂಲನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡುವವರ ಬಳಿ ಮಾತ್ರ ಸಂಕೋಚ.

ಕಾನೂನು ಕಾಪಾಡುತ್ತದೆಯೇ ಎಂದರೆ, ಅಮೆರಿಕದ ಕಾನೂನಿಗೆ ಇದರಲ್ಲಿ ಒಂದು ಸ್ವಾರಸ್ಯದ ಅನುಭವವಿದೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಗೆ ಚುನಾಯಿತರಾಗಿದ್ದ ಝೇವಿಯರ್ ಆಲ್ವಾರೆಜ್ ಸಭೆಯಲ್ಲಿ ಎದ್ದು ನಿಂತು, ತಾನು 25 ವರ್ಷ ಮರೀನ್ ಪಡೆಯಲ್ಲಿದ್ದವನು, 1987ರಲ್ಲಿ ಮೆಡಲ್ ಆಫ್ ಆನರ್ ಪಡೆದವನು ಎಂದು ಪರಿಚಯ ಮಾಡಿಕೊಂಡರು. ಎರಡೂ ಸುಳ್ಳು. ಅದಕ್ಕೆ ಮುಂಚೆ ತಾನು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಹಾಕಿ ಆಟಗಾರ ಎಂದೂ, ಮೆಕ್ಸಿಕೋದ ಸಿನಿಮಾ ತಾರೆಯೊಬ್ಬಳ ಗಂಡ ಎಂದೂ ಹೇಳಿಕೊಂಡಿದ್ದರಂತೆ. ಸುಳ್ಳು ಪದಕ ಹೇಳಿಕೊಳ್ಳುವುದನ್ನು ಅಪರಾಧವಾಗಿಸಿದ 2005ರ ಕಾಯ್ದೆಯಡಿ ಕೇಸಾಯಿತು. 2012ರಲ್ಲಿ ಸುಪ್ರೀಂ ಕೋರ್ಟು ಆರಕ್ಕೆ ಮೂರರ ಬಹುಮತದಿಂದ ಆ ಕಾಯ್ದೆಯನ್ನೇ ಹೊಡೆದುಹಾಕಿತು. ಬರೀ ಬಡಾಯಿ ಕೊಚ್ಚಿದ್ದಕ್ಕೆ ಜೈಲಿಗೆ ಕಳಿಸುವ ಹಾಗಿಲ್ಲ. ನ್ಯಾಯಮೂರ್ತಿ ಕೆನಡಿ ತೋರಿಸಿದ ಮದ್ದು ತೀರಾ ಸರಳ: ಪದಕ ಪಡೆದವರ ಪಟ್ಟಿಯನ್ನು ಎಲ್ಲರೂ ನೋಡುವಂತೆ ಹಾಕಿಡಿ, ಸಾಕು. 2013ರಲ್ಲಿ ಕಾಯ್ದೆ ಮತ್ತೆ ಬಂತು. ಈ ಸಲ ದುಡ್ಡು ಅಥವಾ ಲಾಭ ಹೊಡೆಯಲು ಹೇಳಿದ ಸುಳ್ಳಿಗೆ ಮಾತ್ರ ಶಿಕ್ಷೆ, ಅದೂ ಸೈನ್ಯದ ಪದಕಕ್ಕೆ. ಪಿಸ್ತೂಲ್ ಮ್ಯಾಚಿನ ಹಿತ್ತಾಳೆ ತಗಡು ಅದರ ವ್ಯಾಪ್ತಿಗೆ ಬರುವುದಿಲ್ಲ. ಶೂಟರುಗಳ ಬಳಿಯೋ, ಕೆನಡಿಯವರು ಬಯಸಿದ ಪಟ್ಟಿ ದಶಮಾಂಶದ ಸಮೇತ ಇದೆ. ನೋಡುವ ಕಣ್ಣು ಮಾತ್ರ ಸಾಹೇಬರ ನಗುವಿನ ಮೇಲೆ.

ಪಟ್ಟ ತಾನಾಗಿ ಬಂದು ಕೊರಳಿಗೆ ಬಿದ್ದರೂ ತೆಗೆದಿಟ್ಟವನೊಬ್ಬ ನಮ್ಮಲ್ಲೇ ಇದ್ದಾನೆ ಎಂಬುದು ಇಲ್ಲಿ ನೆನಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ತೆಗೆದರು. ದೇಶವೆಲ್ಲ ಬೋಲ್ಟನನ್ನು ಮೀರಿದ ಎಂದು ಕುಣಿಯಿತು. ಕೇಂದ್ರದ ಕ್ರೀಡಾ ಮಂತ್ರಿ ಟ್ರಯಲ್ಸಿಗೆ ಕರೆದರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರಿನಲ್ಲಿ ಓಡುವವನು ಎಂದು ಹೇಳಿ ಗೌಡರು ಟ್ರಯಲ್ಸಿನಿಂದ ಹಿಂದೆ ಸರಿದರು. ಎಳೆಯುವ ಕೋಣಗಳನ್ನು ಲೆಕ್ಕದಿಂದ ಕಳೆಯಲಿಲ್ಲ. ಪಿಸ್ತೂಲಿನವರ ಕೈಗೆ ಆ 9.55 ಸಿಕ್ಕಿದ್ದರೆ ಕೋಣಗಳ ಮೇಲೆ ಹೆಬ್ಬೆರಳಿಟ್ಟು ಫೋಟೊ ಹೊಡೆಸಿಕೊಳ್ಳುತ್ತಿದ್ದರು.

ನನ್ನದೊಂದು ಸಲಹೆ ಇದೆ. ಹೊಸ ಸಂಸ್ಥೆ, ಸಮಿತಿ, ವಿಚಾರಣಾ ಆಯೋಗ ಏನೂ ಬೇಡ. ಇರುವ ನಿಯಮವೇ ಸಾಕು. ಪ್ರತಿ ದೊಡ್ಡ ಮ್ಯಾಚಿನಲ್ಲೂ ಕ್ರೋನೊ ಎಂಬ ಟೇಬಲ್ಲು ಇರುತ್ತದೆ. ಗುಂಡಿಗೆ ಹೇಳಿಕೊಂಡಷ್ಟು ಬಲ ನಿಜಕ್ಕೂ ಇದೆಯೇ ಎಂದು ಅಲ್ಲಿ ನೋಡುತ್ತಾರೆ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದು, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಅಮೆರಿಕದಲ್ಲಿ 165 ಬಂದರೆ ‘ಮೇಜರ್’, 125 ಬಂದರೆ ‘ಮೈನರ್’. 230 ಗ್ರೇನಿನ ದಪ್ಪ ಗುಂಡಾದರೆ 720 ಅಡಿಯ ನಿಧಾನದಲ್ಲೇ ಮೇಜರ್ ಆಗುತ್ತದೆ. 124 ಗ್ರೇನಿನ ಹಗುರ ಗುಂಡು ಮೇಜರ್ ಅನ್ನಿಸಿಕೊಳ್ಳಬೇಕಾದರೆ 1,330 ಅಡಿ ಮೀರಿದ ವೇಗದಲ್ಲಿ ಅಬ್ಬರಿಸಿಕೊಂಡು ಹೋಗಬೇಕು. ಸಾಧನೆ ಹಗುರವಿದ್ದಷ್ಟೂ ಮಾತಿನ ವೇಗ ಯಾಕೆ ಏರುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಗಲಾರದು.

ಕ್ರೋನೊದ ಪದ್ಧತಿ ಹೀಗಿದೆ. ಸ್ಪರ್ಧಿಯ ಚೀಲದಿಂದ ಅಧಿಕಾರಿಗಳೇ ಎಂಟು ಗುಂಡು ಆರಿಸಿಕೊಳ್ಳುತ್ತಾರೆ. ಒಂದನ್ನು ಕುಟ್ಟಿ, ಸೀಸವನ್ನು ಕೋಶದಿಂದ ಬಿಡಿಸಿ ತಕ್ಕಡಿಗೆ ಹಾಕುತ್ತಾರೆ. ಮೂರನ್ನು ಯಂತ್ರದ ಮೇಲೆ ಹಾರಿಸುತ್ತಾರೆ, ಸಾಲದೆ ಬಂದರೆ ಇನ್ನೂ ಮೂರು. ಮೇಜರ್ ಎಂದು ಹೇಳಿಕೊಂಡದ್ದು ಮೈನರ್ ಆದರೆ ಅಂಕವೆಲ್ಲ ಮೈನರಿನ ಲೆಕ್ಕಕ್ಕೆ ಇಳಿಯುತ್ತದೆ. ಮೈನರಿಗೂ ಕಡಿಮೆ ಬಂದರೆ ಹೊಡೆಯಲು ಅಡ್ಡಿಯಿಲ್ಲ, ಅಂಕ ಮಾತ್ರ ಇಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಟೇಬಲ್ಲು ಹಾಕಿ, ಸಾಹೇಬರ ಪರಿಚಯಪತ್ರದಿಂದ ಎಂಟು ವಾಕ್ಯ ಆರಿಸಿಕೊಳ್ಳಲಿ. ಒಂದನ್ನು ಕುಟ್ಟಿ ಬಿಡಿಸಿ, ಒಳಗಿನ ಇಸವಿ, ವಿಭಾಗ, ದರ್ಜೆಗಳನ್ನು ತಕ್ಕಡಿಗೆ ಹಾಕಲಿ. ಮೂರನ್ನು ಫಲಿತಾಂಶದ ಪಟ್ಟಿಯ ಮೇಲೆ ಹಾಯಿಸಲಿ, ಸಾಲದೆ ಬಂದರೆ ಇನ್ನೂ ಮೂರು.

ಉಳಿಯುವ ಎಂಟನೆಯದರ ಬಗ್ಗೆಯೂ ನಿಯಮ ಪುಸ್ತಕ ಉದಾರವಾಗಿದೆ. ಅದನ್ನು ತೂಕಕ್ಕೆ ಹಾಕಬೇಕೋ, ಹಾರಿಸಿಬಿಡಬೇಕೋ ಎಂಬ ಆಯ್ಕೆ ಸ್ಪರ್ಧಿಗೇ ಬಿಟ್ಟದ್ದು. ಸಾಹೇಬರು ತೂಕಕ್ಕೆ ಒಪ್ಪುತ್ತಾರೆ ಎಂದು ನನಗೇನೂ ಅನ್ನಿಸುವುದಿಲ್ಲ.